ಶಿವಮೊಗ್ಗ–ಭದ್ರಾವತಿ ಸೀಮೆಯ ಪರಿಸರ ಹೋರಾಟ: ಕಡತದ ಸಾಕ್ಷ್ಯ, ಜನರ ನೆನಪು

ಹೊಸನಗರ ತಾಲ್ಲೂಕಿನ ಹೊಂಬುಜ ಕ್ಷೇತ್ರಕ್ಕೆ ಹೋದ ಯಾತ್ರಿಕರು ಪದ್ಮಾವತಿ ಅಮ್ಮನವರ ದರ್ಶನದ ಬಳಿಕ ಪಂಚಕೂಟ ಬಸದಿಯನ್ನೂ ನೋಡಿ ಬರುವುದು ವಾಡಿಕೆ. ಕ್ರಿ.ಶ. 1077ರಲ್ಲಿ ಈ ಬಸದಿಯನ್ನು ಕಟ್ಟಿಸಿದ ಚಟ್ಟಲದೇವಿಯ ಶಾಸನದಲ್ಲಿ ಜಿನಾಲಯದ ನಿರ್ಮಾಣವೊಂದೇ ಉಲ್ಲೇಖಗೊಂಡಿಲ್ಲ. ಆಕೆ ಮಾಡಿಸಿದ ಕೆರೆ, ಬಾವಿ, ಅರವಟಿಗೆ, ಸತ್ರ, ತೋಪುಗಳೂ ಪುಣ್ಯಕಾರ್ಯಗಳ ಸಾಲಿನಲ್ಲಿ ಸೇರಿವೆ. ನೀರನ್ನೂ ನೆರಳನ್ನೂ ಕಾಪಾಡುವುದು ದೇವಾಲಯ ಕಟ್ಟಿಸಿದಷ್ಟೇ ದಾಖಲೆಗೆ ಯೋಗ್ಯವಾದ ಕೆಲಸ ಎಂದು ಹನ್ನೊಂದನೆಯ ಶತಮಾನದ ಶ್ರಾವಿಕೆಯೊಬ್ಬಳು ಭಾವಿಸಿದ್ದಳು. ಕಲ್ಲಿನಲ್ಲಿ ಬರೆಸಿದ್ದರಿಂದ ಆ ಸಂಗತಿ ಉಳಿಯಿತು. ಬಿ. ಎಲ್. ರೈಸ್ ಅವರು ಶಿವಮೊಗ್ಗ ಜಿಲ್ಲೆಯ ಶಾಸನಗಳನ್ನು 1902 ಮತ್ತು 1904ರಲ್ಲಿ ಎರಡು ಸಂಪುಟಗಳಾಗಿ ಪ್ರಕಟಿಸಿದ್ದರಿಂದ ಅದು ವಿದ್ವಾಂಸರ ಕೈಗೂ ಎಟುಕಿತು.

ಅದೇ ಜಿಲ್ಲೆಯಲ್ಲಿ ಕಳೆದ ನೂರು ವರ್ಷಗಳಲ್ಲಿ ಕಾಡು, ಹೊಳೆ, ಗೋಮಾಳಗಳನ್ನು ಉಳಿಸಲು ನಡೆದ ಪ್ರಯತ್ನಗಳಿಗೆ ಇಂತಹ ಶಾಸನವಿಲ್ಲ. ಅವುಗಳ ಸಾಕ್ಷ್ಯವು ಅರ್ಜಿಗಳಲ್ಲಿ, ನ್ಯಾಯಾಲಯದ ಕಡತಗಳಲ್ಲಿ, ಅರಣ್ಯ ಇಲಾಖೆಯ ವರದಿಗಳಲ್ಲಿ, ಪತ್ರಿಕೆಗಳ ತುಣುಕುಗಳಲ್ಲಿ ಹರಡಿಹೋಗಿದೆ. ಉಳಿದದ್ದು ವಯೋವೃದ್ಧರ ನೆನಪಿನಲ್ಲಿದೆ. ಕಾಗದಕ್ಕೆ ಗೆದ್ದಲು ಹಿಡಿಯುತ್ತದೆ, ನೆನಪು ವ್ಯಕ್ತಿಯೊಡನೆ ಮುಗಿಯುತ್ತದೆ. ಆದ್ದರಿಂದ ಶಿವಮೊಗ್ಗ ಮತ್ತು ಭದ್ರಾವತಿಯ ಸುತ್ತ ನಡೆದ ಕೆಲವು ಮುಖ್ಯ ಘಟನೆಗಳನ್ನು ಕ್ರಮವಾಗಿ ನೋಡಿ, ಯಾವ ಸಂಗತಿಗೆ ಬರಹ ಸಾಕ್ಷಿ, ಯಾವುದಕ್ಕೆ ಬಾಯಿಮಾತೇ ಸಾಕ್ಷಿ ಎಂಬುದನ್ನು ವಿಚಾರಿಸುವುದು ಅಗತ್ಯವಾಗಿದೆ.

ಸೊರಬದ ಕಾನುಗಳು

ಮಲೆನಾಡಿನ ಜನರು ‘ಕಾಡು’ ಮತ್ತು ‘ಕಾನು’ ಎಂಬ ಎರಡು ಪದಗಳನ್ನು ಬೇರೆ ಬೇರೆ ಅರ್ಥದಲ್ಲಿ ಬಳಸುತ್ತಾರೆ. ಕಾನು ಎಂದರೆ ಸದಾ ಹಸಿರಾಗಿರುವ, ನೀರಿನ ಒರತೆಯುಳ್ಳ, ಊರವರು ದೇವರ ಭಯದಿಂದಲೂ ಸ್ವಂತ ಹಿತದ ಅರಿವಿನಿಂದಲೂ ಕಾಯ್ದುಕೊಂಡು ಬಂದ ದಟ್ಟ ಅರಣ್ಯಭಾಗ. ಅಲ್ಲಿ ಮೆಣಸಿನ ಬಳ್ಳಿ, ಬೈನೆ, ದಾಲ್ಚಿನ್ನಿ ಮೊದಲಾದವು ದೊರೆಯುತ್ತಿದ್ದವು. ಕೊಡಲಿ ಹಾಕಲು ಮಾತ್ರ ಅವಕಾಶವಿರಲಿಲ್ಲ. ಕಾನಿನ ಕೆಳಗಿನ ಗದ್ದೆ-ತೋಟಗಳಿಗೆ ನೀರು ಅಲ್ಲಿಂದಲೇ ಬರುತ್ತಿತ್ತು.

1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಇಬ್ಬರು ಅಧಿಕಾರಿಗಳು ಸೊರಬ ತಾಲ್ಲೂಕಿನ ಕಾನುಗಳನ್ನು ಕುರಿತು ಜಂಟಿ ವರದಿಯೊಂದನ್ನು ಸಲ್ಲಿಸಿದರು. ಆ ಒಂದೇ ತಾಲ್ಲೂಕಿನಲ್ಲಿ 171 ಕಾನುಗಳಿದ್ದು, ಅವುಗಳ ಒಟ್ಟು ವಿಸ್ತೀರ್ಣ 32 ಸಾವಿರ ಎಕರೆಗೂ ಹೆಚ್ಚೆಂದು ಅದರಲ್ಲಿ ದಾಖಲಾಗಿದೆ. ಅಂದಿನ ಆಡಳಿತದ ಮುಂದಿದ್ದ ಪ್ರಶ್ನೆ ಕಂದಾಯದ್ದು. ಕಾನಿನಿಂದ ಸರ್ಕಾರಕ್ಕೆ ಬರುವ ಹುಟ್ಟುವಳಿ ಎಷ್ಟು, ಅದರ ಮೇಲಿನ ಹಕ್ಕು ಯಾರದು ಎಂಬುದನ್ನು ನಿಶ್ಚಯಿಸಬೇಕಾಗಿತ್ತು. ಆದರೆ ನೂರು ವರ್ಷಗಳ ನಂತರ ಪರಿಸರ ವಿಜ್ಞಾನಿಗಳು ಆ ವರದಿಯನ್ನು ತೆರೆದಾಗ ಅದು ಬೇರೊಂದು ಸತ್ಯಕ್ಕೆ ಸಾಕ್ಷಿ ನುಡಿಯಿತು. ಹಳ್ಳಿಗರು ಅರಣ್ಯವನ್ನು ಹಾಳುಮಾಡುವವರೆಂಬ ಮಾತು ಎಲ್ಲೆಡೆಗೂ ಅನ್ವಯಿಸುವುದಿಲ್ಲವೆಂಬುದು ಸರ್ಕಾರದ ಕಾಗದದಿಂದಲೇ ಸ್ಥಾಪಿತವಾಯಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ವರದಿಯು ಕಾನುಗಳ ಹೆಸರನ್ನೂ ಅಳತೆಯನ್ನೂ ಕೊಡುತ್ತದೆ. ಆದರೆ ಪ್ರತಿಯೊಂದು ಕಾನಿನ ದೇವತೆ ಯಾರು, ಯಾವ ಮರವನ್ನು ಯಾವ ಕಾರಣಕ್ಕೆ ಮುಟ್ಟುತ್ತಿರಲಿಲ್ಲ, ಕಟ್ಟಳೆ ಮೀರಿದವನಿಗೆ ಊರು ವಿಧಿಸುತ್ತಿದ್ದ ದಂಡವೇನು ಎಂಬ ವಿವರಗಳಿಗೆ ಹಳ್ಳಿಯ ಹಿರಿಯರನ್ನೇ ಕೇಳಬೇಕು. ಹೊಂಬುಜದಲ್ಲಿ ಪದ್ಮಾವತಿ ದೇವಿಯ ಸಾನ್ನಿಧ್ಯದೊಡನೆ ಲಕ್ಕಿ ಮರವನ್ನೂ ಜನರು ಪೂಜ್ಯಭಾವದಿಂದ ಕಾಣುತ್ತ ಬಂದಿದ್ದಾರೆ. ಒಂದು ಮರ ಶತಮಾನಗಳ ಕಾಲ ಏಕೆ ಉಳಿಯಿತೆಂಬುದಕ್ಕೆ ಅದರ ಕಥೆಯನ್ನು ಹೇಳುತ್ತ ಬಂದ ಮನೆತನಗಳೇ ದಾಖಲೆ.

ಕಬ್ಬಿಣ ಮತ್ತು ಇದ್ದಿಲು

ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಯೋಜನೆಯಂತೆ 1918ರಲ್ಲಿ ಇಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸ ಆರಂಭವಾಗಿ 1923ರಲ್ಲಿ ಉತ್ಪಾದನೆ ಶುರುವಾಯಿತು. ಅದಿರು ಕೆಮ್ಮಣ್ಣುಗುಂಡಿಯಿಂದ ಬರುತ್ತಿತ್ತು. ಕಲ್ಲಿದ್ದಲಿನ ಗಣಿಗಳು ಮೈಸೂರು ಸಂಸ್ಥಾನದಲ್ಲಿ ಇಲ್ಲದಿದ್ದುದರಿಂದ ಊದುಕುಲುಮೆಗೆ ಮರದ ಇದ್ದಿಲನ್ನೇ ಅವಲಂಬಿಸಬೇಕಾಯಿತು. ಇದಕ್ಕಾಗಿ ಸುತ್ತಲಿನ ಅರಣ್ಯಗಳಿಂದ ಸೌದೆ ತರಿಸಿ, ಅದನ್ನು ಬಟ್ಟಿಗಳಲ್ಲಿ ಕಾಯಿಸಿ ಇದ್ದಿಲನ್ನೂ ಅದರೊಡನೆ ಕೆಲವು ರಾಸಾಯನಿಕಗಳನ್ನೂ ಪಡೆಯುವ ದೊಡ್ಡ ಸ್ಥಾವರವನ್ನು ಸ್ಥಾಪಿಸಲಾಯಿತು. ಕಾಡಿನೊಳಗೆ ಟ್ರಾಂ ಹಳಿಗಳು ಹೋದವು.

ಈ ಕಾರ್ಖಾನೆಯನ್ನು ಇಂದಿನ ದೃಷ್ಟಿಯಿಂದ ಮಾತ್ರ ನೋಡಿ ದೂಷಿಸುವುದು ನ್ಯಾಯವಲ್ಲ. ಪರಾಧೀನವಾಗಿದ್ದ ದೇಶದಲ್ಲಿ ಸಂಸ್ಥಾನವೊಂದು ತನ್ನ ಸ್ವಂತ ಬಲದಿಂದ ಕಬ್ಬಿಣ ತಯಾರಿಸಿದ್ದು ಸಾಮಾನ್ಯ ಸಾಧನೆಯಲ್ಲ. ಸೌದೆಯನ್ನು ಸುಮ್ಮನೆ ಸುಟ್ಟುಹಾಕದೆ ಅದರ ಉಪಪದಾರ್ಥಗಳನ್ನೂ ಸಂಗ್ರಹಿಸುವ ಕ್ರಮದಲ್ಲಿ ಮಿತವ್ಯಯದ ಬುದ್ಧಿಯೂ ಇತ್ತು. ಸಾವಿರಾರು ಕುಟುಂಬಗಳಿಗೆ ಅನ್ನ ದೊರೆಯಿತು, ಭದ್ರಾವತಿ ಪಟ್ಟಣವೇ ಬೆಳೆಯಿತು.

ಆದರೂ ಲೆಕ್ಕದಲ್ಲಿ ಒಂದು ಬದಿ ಖಾಲಿ ಉಳಿಯಿತು. ಕಾರ್ಖಾನೆಯ ಅಢಾವೆ ಪತ್ರಿಕೆಯಲ್ಲಿ ಯಂತ್ರಕ್ಕೆ ಸವಕಳಿ ತೆಗೆಯಲಾಗುತ್ತದೆ, ಕಟ್ಟಡಕ್ಕೆ ತೆಗೆಯಲಾಗುತ್ತದೆ. ಸೌದೆಯು ‘ಕಚ್ಚಾಮಾಲು ಖರ್ಚು’ ಎಂಬ ಶೀರ್ಷಿಕೆಯಡಿ ಬರುತ್ತದೆ. ಆ ಸೌದೆಯನ್ನು ಕೊಟ್ಟ ಕಾಡಿನ ಸವಕಳಿಗೆ ಯಾವ ಖಾತೆಯೂ ಇಲ್ಲ. ಕಡಿದ ಜಾಗದಲ್ಲಿ ಮತ್ತೆ ಏನು ಬೆಳೆಯಿತು, ಯಾವ ಹಳ್ಳ ಬೇಸಿಗೆಯಲ್ಲಿ ಬತ್ತತೊಡಗಿತು ಎಂಬ ನಷ್ಟದ ಬಾಬ್ತು ಯಾರ ಪುಸ್ತಕಕ್ಕೂ ಹತ್ತಲಿಲ್ಲ. ಅದನ್ನು ಹೇಳಬಲ್ಲವರು ಸೌದೆ ಕಡಿದ ಕೂಲಿಗಳು, ಗಾಡಿ ಹೊಡೆದವರು, ಕಾಡಂಚಿನ ರೈತರು. ಅವರ ಮಾತನ್ನು ಬರೆದುಕೊಳ್ಳುವುದು ಯಾರ ಕರ್ತವ್ಯವೂ ಆಗಿರಲಿಲ್ಲ.

ಹದಿಮೂರನೆಯ ಶತಮಾನದ ಪಂಡಿತ ಆಶಾಧರನು ‘ಸಾಗಾರ ಧರ್ಮಾಮೃತ’ದಲ್ಲಿ ಶ್ರಾವಕನು ವರ್ಜಿಸಬೇಕಾದ ಹದಿನೈದು ಖರಕರ್ಮಗಳನ್ನು ಹೆಸರಿಸುವಾಗ ವನಜೀವಿಕೆ ಮತ್ತು ಅಗ್ನಿಜೀವಿಕೆಗಳನ್ನು ಮೊದಲಿಗೇ ಇಡುತ್ತಾನೆ. ಕಾಡು ಕಡಿದು ಮಾರುವುದು, ಇದ್ದಿಲು ಸುಟ್ಟು ಜೀವಿಸುವುದು ಎಂಬುದು ಇವುಗಳ ಅರ್ಥ. ಕೆರೆಯನ್ನು ಬತ್ತಿಸುವ ಸರಃಶೋಷವೂ ವಿಷದ ವಾಣಿಜ್ಯವೂ ಅದೇ ಪಟ್ಟಿಯಲ್ಲಿವೆ. ವನಸ್ಪತಿಕಾಯ, ಜಲಕಾಯ ಜೀವಿಗಳ ಹಿಂಸೆಯನ್ನು ಕೇವಲ ಅಡಿಗೆಮನೆಯ ನಿಯಮವಾಗಿ ನೋಡದೆ ವ್ಯಾಪಾರದ ನಿಯಮವಾಗಿಯೂ ಆಚಾರ್ಯರು ಕಂಡಿದ್ದರೆಂಬುದನ್ನು ವರ್ತಕ ಕುಟುಂಬಗಳು ಮರೆಯಬಾರದು. ಇದ್ದಿಲಿನ ಕುಲುಮೆಯ ಚರಿತ್ರೆಯನ್ನು ಓದುವಾಗ ಆ ಪಟ್ಟಿ ಪುರಾತನವೆನಿಸುವುದಿಲ್ಲ.

1948ರಲ್ಲಿ ಜೋಗದ ಜಲವಿದ್ಯುತ್ ಕೇಂದ್ರ ಪ್ರಾರಂಭವಾಯಿತು. 1952ರಲ್ಲಿ ಭದ್ರಾವತಿಗೆ ವಿದ್ಯುತ್ ಕುಲುಮೆಗಳು ಬಂದು ಇದ್ದಿಲಿನ ಅವಲಂಬನೆ ತಗ್ಗಿತು. ಭದ್ರಾವತಿಯ ಕಾಡಿನ ಹೊರೆ ಇಳಿದಂತಾಯಿತಾದರೂ ಹೊರೆ ಶರಾವತಿ ಕಣಿವೆಯ ಮೇಲೆ ಏರಿತು. ವಿದ್ಯುತ್ತಿನ ಬೇಡಿಕೆ ಹೆಚ್ಚುತ್ತ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಅಪಾರ ಅರಣ್ಯವೂ ಹಳ್ಳಿಗಳೂ ನೀರಿನಡಿ ಸೇರಿದವು. ಮನೆಮಠ ಬಿಟ್ಟುಬಂದ ಸಂತ್ರಸ್ತರ ಭೂಮಿಯ ಹಕ್ಕಿನ ಪ್ರಶ್ನೆ ಎರಡು ತಲೆಮಾರು ಕಳೆದರೂ ಚರ್ಚೆಯಲ್ಲಿದೆ. ಪತ್ರವಿಲ್ಲದವನ ನೆನಪಿಗೆ ಕಚೇರಿಯಲ್ಲಿ ಬೆಲೆಯಿಲ್ಲವೆಂಬ ಕಹಿ ಪಾಠವನ್ನು ಅವರಷ್ಟು ಚೆನ್ನಾಗಿ ಬಲ್ಲವರು ವಿರಳ.

ಬಿದಿರಿನ ಮುಳ್ಳು ಕಲಿಸಿದ ಪಾಠ

1936ರಲ್ಲಿ ಭದ್ರಾ ನದಿಯ ದಡದಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. 1977ರಲ್ಲಿ ಅದು ಸರ್ಕಾರಿ ಕಂಪನಿಯಾಯಿತು. ಕಾಗದಕ್ಕೆ ಬಿದಿರು ಬೇಕು, ನೀರು ಬೇಕು; ಬಳಸಿದ ನೀರನ್ನು ಹೊರಗೆ ಬಿಡಲು ಹೊಳೆಯೂ ಬೇಕು. ಮಲೆನಾಡಿನ ಬಿದಿರು ಅಂದಿನವರ ಕಣ್ಣಿಗೆ ಎಂದೂ ಮುಗಿಯದ ಸಂಪತ್ತಾಗಿ ಕಂಡಿತ್ತು.

ಬಿದಿರಿನ ವಿಷಯದಲ್ಲಿ ಕರ್ನಾಟಕದಲ್ಲಿ ನಡೆದ ಒಂದು ಅಧ್ಯಯನವು ಬಾಯಿಮಾತಿನ ಸಾಕ್ಷ್ಯದ ಬೆಲೆಯನ್ನು ಸ್ಪಷ್ಟವಾಗಿ ತೋರಿಸುತ್ತದೆ. 1958ರಲ್ಲಿ ದಾಂಡೇಲಿಯಲ್ಲಿ ಆರಂಭವಾದ ಕಾಗದ ಕಾರ್ಖಾನೆಗೆ ಸರ್ಕಾರ ಟನ್ನಿಗೆ 1 ರೂಪಾಯಿ 50 ಪೈಸೆಯಂತೆ ಬಿದಿರು ಕೊಡುತ್ತಿತ್ತು. ಅದೇ ಬಿದಿರನ್ನು ಬುಟ್ಟಿ ಹೆಣೆಯುವ ಮೇದಾರರು ಪೇಟೆಯಲ್ಲಿ ಅದರ ನೂರಾರು ಪಾಲು ಬೆಲೆ ತೆತ್ತು ಕೊಳ್ಳಬೇಕಾಗಿತ್ತು. ಬರಬರುತ್ತ ಅದೂ ಸಿಗದಾಯಿತು. ಅವರ ದೂರಿನ ಹಿನ್ನೆಲೆಯಲ್ಲಿ 1975ರಲ್ಲಿ ಅಂದಿನ ಹಣಕಾಸು ಸಚಿವ ಎಂ. ವೈ. ಘೋರ್ಪಡೆಯವರ ಸೂಚನೆಯಂತೆ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ವಿಚಾರಣೆ ಕೈಗೊಂಡರು.

ಬಿದಿರಿನ ನಾಶಕ್ಕೆ ಹಳ್ಳಿಗರೂ ಅವರ ದನಗಳೂ ಕಾರಣವೆಂಬುದು ಇಲಾಖೆಯ ಅಭಿಪ್ರಾಯವಾಗಿತ್ತು. ಹಿಂಡಿಲಿನ ಬುಡದಲ್ಲಿನ ಮುಳ್ಳಿನ ಹೊದಿಕೆಯನ್ನು ಸವರಿ ತೆಗೆದರೆ ಗಳುಗಳು ಚೆನ್ನಾಗಿ ಬೆಳೆಯುತ್ತವೆಂದು ಭಾವಿಸಿ ಹಾಗೆಯೇ ಮಾಡಿಸಲಾಗುತ್ತಿತ್ತು. ಹಳ್ಳಿಗರ ಮಾತು ಇದಕ್ಕೆ ವಿರುದ್ಧವಾಗಿತ್ತು. ಮುಳ್ಳು ಹೋದರೆ ಎಳೆಯ ಕಳಲೆಗೆ ರಕ್ಷಣೆಯಿಲ್ಲ. ದನಕರುಗಳೂ ಕಾಡುಪ್ರಾಣಿಗಳೂ ಅದನ್ನು ತಿಂದುಬಿಡುತ್ತವೆ ಎಂದು ಅವರು ಹೇಳುತ್ತಿದ್ದರು. ವರ್ಷಗಳ ಕಾಲ ಹಿಂಡಿಲುಗಳನ್ನು ಎಣಿಸಿ ನೋಡಿದಾಗ ಹಳ್ಳಿಗರ ಮಾತೇ ನಿಜವಾಯಿತು. ಕಾರ್ಖಾನೆಯ ಮಿತಿಮೀರಿದ ಕಟಾವೇ ನಾಶದ ಮುಖ್ಯ ಕಾರಣವೆಂಬುದೂ ತಿಳಿದುಬಂತು. ಅಂದರೆ ಸರಿಯಾದ ಜ್ಞಾನವು ಕಚೇರಿಯ ಕಡತದಲ್ಲಿರದೆ ಅಕ್ಷರ ಬಾರದವರ ನಾಲಗೆಯ ಮೇಲಿತ್ತು. ಆದರೆ ಅದನ್ನು ಅಳತೆಯಿಂದ ಪರೀಕ್ಷಿಸಿ ಬರಹಕ್ಕೆ ಇಳಿಸಿದ ಮೇಲಷ್ಟೇ ಸರ್ಕಾರ ಅದಕ್ಕೆ ಕಿವಿಗೊಟ್ಟಿತು. ಎರಡೂ ಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು.

ಹೊಳೆಯ ಮಾತು ಇನ್ನೂ ಸೂಕ್ಷ್ಮವಾದದ್ದು. ಭದ್ರಾವತಿಯ ಎರಡು ದೊಡ್ಡ ಕಾರ್ಖಾನೆಗಳ ತ್ಯಾಜ್ಯ ಜಲವೂ ಪಟ್ಟಣದ ಕೊಳಚೆಯೂ ಭದ್ರೆಯನ್ನು ಸೇರುತ್ತಿದ್ದವು. 1974ರಲ್ಲಿ ಜಲಮಾಲಿನ್ಯ ತಡೆ ಕಾಯಿದೆ ಬಂದು, ಅದೇ ವರ್ಷ ರಾಜ್ಯದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿ ರಚನೆಯಾದ ಮೇಲೆ ನೀರಿನ ಪರೀಕ್ಷೆಯ ಅಂಕಿಗಳು ಬರಹದಲ್ಲಿ ಉಳಿಯತೊಡಗಿದವು. 1987ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯ ಸ್ಥಾಪನೆಯಾದ ನಂತರ ಅಲ್ಲಿನ ಸಂಶೋಧಕರೂ ಭದ್ರೆಯ ನೀರನ್ನು ಅಭ್ಯಸಿಸಿದರು. ಅದಕ್ಕೆ ಹಿಂದಿನ ಸುಮಾರು ಅರ್ಧ ಶತಮಾನದ ಹೊಳೆಯ ಸ್ಥಿತಿಯನ್ನು ತಿಳಿಯಲು ಮೀನುಗಾರರು, ಅಗಸರು, ದಡದ ಗದ್ದೆಗಳ ರೈತರು, ಕಾರ್ಖಾನೆಯಲ್ಲೇ ದುಡಿದವರು ಇವರ ನೆನಪನ್ನು ಬಿಟ್ಟರೆ ಬೇರೆ ದಾರಿಯಿಲ್ಲ. ಆ ತಲೆಮಾರಿನವರು ಈಗ ಬೆರಳೆಣಿಕೆಯಷ್ಟು ಮಾತ್ರ ಉಳಿದಿದ್ದಾರೆ.

ಅಪ್ಪಿಕೋ, ಕಿತ್ತಿಕೋ

1983ರ ಸೆಪ್ಟೆಂಬರ್ 8ರಂದು ಉತ್ತರ ಕನ್ನಡದ ಶಿರಸಿ ತಾಲ್ಲೂಕಿನ ಸಾಲ್ಕಣಿ ಭಾಗದ ಜನರು ಕಡಿಯಲು ಗುರುತುಮಾಡಿದ್ದ ಮರಗಳನ್ನು ಅಪ್ಪಿಕೊಂಡು ನಿಂತರು. ಪಾಂಡುರಂಗ ಹೆಗಡೆ ಮೊದಲಾದವರು ಮುನ್ನಡೆಸಿದ ಅಪ್ಪಿಕೋ ಚಳವಳಿ ಘಟ್ಟದ ಇತರ ಭಾಗಗಳಿಗೂ ಹಬ್ಬಿ, ಉಳಿಸು, ಬೆಳೆಸು, ಬಳಸು ಎಂಬ ಮೂರು ಮಾತುಗಳನ್ನು ಮಲೆನಾಡಿನ ಮನೆಮಾತಾಗಿಸಿತು.

1984ರಲ್ಲಿ ರಾಜ್ಯ ಸರ್ಕಾರ ಮತ್ತು ಹರಿಹರದ ಪಾಲಿಫೈಬರ್ಸ್ ಕಂಪನಿ ಸೇರಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಜಂಟಿ ಸಂಸ್ಥೆಯನ್ನು ರಚಿಸಿದವು. ಶಿವಮೊಗ್ಗ, ಧಾರವಾಡ ಮೊದಲಾದ ಜಿಲ್ಲೆಗಳ ಸುಮಾರು 30 ಸಾವಿರ ಹೆಕ್ಟೇರ್ ಭೂಮಿಯಲ್ಲಿ ನೀಲಗಿರಿ ಬೆಳೆದು ಕಾರ್ಖಾನೆಗೆ ಒದಗಿಸುವುದು ಅದರ ಉದ್ದೇಶ. ಕಾಗದದಲ್ಲಿ ಆ ಭೂಮಿ ‘ಸಿ ಮತ್ತು ಡಿ ದರ್ಜೆ’ಯದು, ಎಂದರೆ ಪಾಳು. ಹಳ್ಳಿಗರಿಗೆ ಅದು ದನ ಮೇಯಿಸುವ, ಸೌದೆ ಸೊಪ್ಪು ತರುವ, ಔಷಧಿಯ ಬೇರು ಅಗೆಯುವ ನೆಲ. ಪಾಳು ಎಂಬ ಒಂದು ಶಬ್ದದೊಳಗೆ ಸಾವಿರಾರು ಕುಟುಂಬಗಳ ಬದುಕು ಅಡಗಿಹೋಗಿತ್ತು.

ಧಾರವಾಡದ ಸಮಾಜ ಪರಿವರ್ತನ ಸಮುದಾಯವು ಎಸ್. ಆರ್. ಹಿರೇಮಠರ ನೇತೃತ್ವದಲ್ಲಿ ಹಳ್ಳಿ ಹಳ್ಳಿಗೆ ಹೋಗಿ ಇದನ್ನು ಎದುರಿಸಿತು. ಡಾ. ಶಿವರಾಮ ಕಾರಂತರು ಅರ್ಜಿದಾರರಾಗಿ ಜೊತೆಗೂಡಿದರು. ಪ್ರಕರಣ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿ 1987ರ ಮಾರ್ಚ್ ತಿಂಗಳಲ್ಲಿ ತಡೆಯಾಜ್ಞೆ ದೊರೆಯಿತು. ಅದೇ ವರ್ಷ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ‘ಕಿತ್ತಿಕೋ–ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ಜನರು ಸಾಂಕೇತಿಕವಾಗಿ ನೀಲಗಿರಿ ಸಸಿಗಳನ್ನು ಕಿತ್ತು ಅವುಗಳ ಜಾಗದಲ್ಲಿ ಊರಿಗೆ ಉಪಯೋಗವಾಗುವ ಗಿಡಗಳನ್ನು ನೆಟ್ಟರು. 1991ರಲ್ಲಿ ಸರ್ಕಾರ ಆ ಸಂಸ್ಥೆಯನ್ನು ಮುಚ್ಚುವ ತೀರ್ಮಾನ ಮಾಡಿತು.

ಈ ಹೋರಾಟ ಅಹಿಂಸೆಯ ಎಲ್ಲೆಯನ್ನು ಮೀರಲಿಲ್ಲ. ಕೀಳುವುದರ ಜೊತೆಗೆ ನೆಡುವುದನ್ನೂ ಸೇರಿಸಿದ್ದು ಅದರ ವಿಶೇಷ. ವಿರೋಧವು ದ್ವೇಷವಾಗದಂತೆ ಕಾಯುವ ಉಪಾಯ ಅದರಲ್ಲಿತ್ತು. ಎರಡನೆಯ ವಿಶೇಷವೆಂದರೆ ಬೀದಿಯ ಸತ್ಯಾಗ್ರಹ ಮತ್ತು ನ್ಯಾಯಾಲಯದ ಪತ್ರ ಎರಡೂ ಜೊತೆಯಾಗಿ ಸಾಗಿದ್ದು. ಹೋರಾಟಗಾರರು ಕಾಗದಪತ್ರಗಳನ್ನು ಜೋಡಿಸಿಟ್ಟು ಪ್ರಕಟಿಸಿದ್ದರಿಂದಲೇ ಇಂದು ದಿನಾಂಕ ಸಹಿತ ಆ ಚರಿತ್ರೆಯನ್ನು ಹೇಳಲು ಸಾಧ್ಯವಾಗಿದೆ.

ತುಂಗೆಯ ಮೂಲ, ಅಕೇಶಿಯಾದ ಗುತ್ತಿಗೆ

ತುಂಗೆ, ಭದ್ರೆ, ನೇತ್ರಾವತಿಗಳು ಹುಟ್ಟುವ ಗಂಗಾಮೂಲದ ಸಮೀಪದಲ್ಲೇ ಕುದುರೆಮುಖದ ಕಬ್ಬಿಣದ ಗಣಿ 1976ರಿಂದ ಬೆಳೆಯಿತು. ಗಣಿಯ ಪ್ರದೇಶ ಅಲ್ಲಿನ ಜಲಾನಯನದ ಶೇಕಡ 1ಕ್ಕಿಂತ ಕಡಿಮೆಯಿದ್ದರೂ ಭದ್ರೆಗೆ ಸೇರುವ ಹೂಳಿನಲ್ಲಿ ಅರ್ಧಕ್ಕೂ ಹೆಚ್ಚಿನ ಪಾಲು ಅದರದ್ದೆಂದು ವಿಜ್ಞಾನಿಗಳ ಅಳತೆ ತೋರಿಸಿತು. ಆ ನೀರು ಬರುವುದು ಲಕ್ಕವಳ್ಳಿಯ ಭದ್ರಾ ಜಲಾಶಯಕ್ಕೆ. ಅಲ್ಲಿಂದ ಭದ್ರಾವತಿಗೆ, ದಾವಣಗೆರೆಯ ಗದ್ದೆಗಳಿಗೆ. ತುಂಗಾ ಮೂಲ ಉಳಿಸಿ ಎಂಬ ಘೋಷಣೆಯೊಡನೆ ಮಲೆನಾಡಿನಲ್ಲಿ ನಡೆದ ಚಳವಳಿ ಒಂದು ಕಡೆ, ವನ್ಯಜೀವಿ ಸಂರಕ್ಷಕ ಕೆ. ಎಂ. ಚಿಣ್ಣಪ್ಪನವರ ಅರ್ಜಿ ಇನ್ನೊಂದು ಕಡೆ ಸಾಗಿದವು. 2002ರ ಅಕ್ಟೋಬರ್ 30ರಂದು ಸರ್ವೋಚ್ಚ ನ್ಯಾಯಾಲಯ ತೀರ್ಪು ನೀಡಿತು. 2005ರ ಕೊನೆಗೆ ಗಣಿಗಾರಿಕೆ ನಿಂತಿತು.

ಭದ್ರಾವತಿಯ ಕಾಗದ ಕಾರ್ಖಾನೆಗೆ 1980ರಲ್ಲಿ 20 ಸಾವಿರ ಹೆಕ್ಟೇರ್‌ಗೂ ಹೆಚ್ಚು ಅರಣ್ಯಭೂಮಿಯನ್ನು 40 ವರ್ಷಗಳ ಗುತ್ತಿಗೆಗೆ ಕೊಡಲಾಗಿತ್ತು. ಅಲ್ಲಿ ಅಕೇಶಿಯಾ, ನೀಲಗಿರಿಗಳ ನೆಡುತೋಪುಗಳು ಎದ್ದವು. 2015ರಲ್ಲಿ ಕಾರ್ಖಾನೆಯ ಉತ್ಪಾದನೆ ನಿಂತಿತು. 2020ರ ಆಗಸ್ಟ್‌ನಲ್ಲಿ ಗುತ್ತಿಗೆಯ ಅವಧಿ ತೀರಿತು. ಕಾರ್ಖಾನೆಯೇ ನಡೆಯದಿರುವಾಗ ಭೂಮಿ ಅರಣ್ಯ ಇಲಾಖೆಗೆ ಮರಳಿ ಸಹಜ ಕಾಡಾಗಲಿ ಎಂದು ಮಲೆನಾಡಿನ ಜನ ಆಶಿಸಿದ್ದರು. ಆದರೆ ಅದೇ ವರ್ಷದ ಕೊನೆಯ ಭಾಗದಲ್ಲಿ ಸರ್ಕಾರ ಗುತ್ತಿಗೆಯನ್ನು ಮತ್ತೆ 40 ವರ್ಷ ವಿಸ್ತರಿಸಿತು. ‘ನಮ್ಮೂರಿಗೆ ಅಕೇಶಿಯಾ ಮರ ಬೇಡ’ ಎಂಬ ಹೆಸರಿನಲ್ಲಿ ಶಿವಮೊಗ್ಗ ಜಿಲ್ಲೆಯಲ್ಲಿ ಹೋರಾಟ ಹುಟ್ಟಿದ್ದು ಈ ಸಂದರ್ಭದಲ್ಲಿ. 1980ರ ಗುತ್ತಿಗೆ ಪತ್ರದ ಷರತ್ತುಗಳನ್ನು ನಲವತ್ತು ವರ್ಷಗಳ ಬಳಿಕ ಜನರು ಹುಡುಕಿ ಓದಬೇಕಾಯಿತು. ತಂದೆಯ ಕಾಲದ ಒಂದು ಸಹಿ ಮೊಮ್ಮಕ್ಕಳ ಕಾಲದ ನೀರನ್ನು ನಿರ್ಧರಿಸುತ್ತದೆಂಬುದು ಇದರಿಂದ ಮನದಟ್ಟಾಗುತ್ತದೆ.

ಇತ್ತೀಚಿನ ವರ್ಷಗಳಲ್ಲೂ ಇಂತಹ ಪ್ರಯತ್ನಗಳು ನಿಂತಿಲ್ಲ. ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಯೋಜನೆಯನ್ನು ವಿರೋಧಿಸಿ 2019ರ ಜುಲೈ 10ರಂದು ಶಿವಮೊಗ್ಗ ಜಿಲ್ಲೆ ಬಂದ್ ಆಚರಿಸಿತು. 2024ರ ನವೆಂಬರ್‌ನಲ್ಲಿ ತುಂಗಭದ್ರೆಯ ನಿರ್ಮಲತೆಗಾಗಿ ಶೃಂಗೇರಿಯಿಂದ ಪಾದಯಾತ್ರೆ ಹೊರಟಿತು. ಇವುಗಳ ಕರಪತ್ರ, ಛಾಯಾಚಿತ್ರ, ಸಂದೇಶಗಳು ಬಹುಪಾಲು ಮೊಬೈಲ್‌ಗಳಲ್ಲಿವೆ. ಒಂದು ಯಂತ್ರ ಕೆಟ್ಟರೆ ಒಂದು ಚಳವಳಿಯ ಕಡತವೇ ಹೋದಂತೆ. ತಾಳೆಗರಿ ಐನೂರು ವರ್ಷ ಬಾಳಿತು. ಇಂದಿನ ದಾಖಲೆಗೆ ಐದು ವರ್ಷದ ಆಯುಸ್ಸೂ ನಿಶ್ಚಿತವಲ್ಲ.

ಎಲ್ಲ ಕಡೆಯ ಮಾತೂ ಬೇಕು

ಪರಿಸರ ಹೋರಾಟದ ಚರಿತ್ರೆ ಬರೆಯುವಾಗ ಹೋರಾಟಗಾರರ ಮಾತನ್ನಷ್ಟೇ ಸಂಗ್ರಹಿಸಿದರೆ ಅದು ಏಕಾಂತವಾದವಾಗುತ್ತದೆ. ಭದ್ರಾವತಿಯಲ್ಲಿ ಕಾಗದ ಕಾರ್ಖಾನೆ ನಿಂತಾಗ ಅದನ್ನೇ ನಂಬಿದ್ದ ಕುಟುಂಬಗಳು ಕಷ್ಟಕ್ಕೆ ಸಿಕ್ಕಿದವು. 2023ರ ಜನವರಿಯಲ್ಲಿ ಉಕ್ಕು ಪ್ರಾಧಿಕಾರವು ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕು ಕಾರ್ಖಾನೆಯನ್ನು ಮುಚ್ಚುವ ತೀರ್ಮಾನಕ್ಕೆ ಬಂದಾಗ ಕಾರ್ಮಿಕರು ದೀರ್ಘಕಾಲ ಧರಣಿ ಕುಳಿತರು. ಅವರನ್ನು ನದಿಯ ವೈರಿಗಳೆಂದು ಬಗೆಯುವುದು ತಪ್ಪು. ಅವರ ಮನೆಯ ಕುಡಿಯುವ ನೀರೂ ಅದೇ ನದಿಯದು. ದುಡಿದ ಕೈಗೂ ಹೊಳೆಗೂ ಏಕಕಾಲದಲ್ಲಿ ನ್ಯಾಯ ದೊರಕುವುದು ಹೇಗೆಂಬುದೇ ಭದ್ರಾವತಿಯ ಚರಿತ್ರೆ ಕೇಳುವ ನಿಜವಾದ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಲು ಕಾರ್ಮಿಕ, ಅಧಿಕಾರಿ, ಗುತ್ತಿಗೆದಾರ, ರೈತ, ಮೀನುಗಾರ, ಹೋರಾಟಗಾರ ಎಲ್ಲರ ನೆನಪೂ ಬೇಕು. ಒಂದೊಂದು ನಯದಿಂದ ಒಂದೊಂದು ಅಂಶ ಕಾಣುತ್ತದೆ. ಎಲ್ಲವನ್ನೂ ಕೂಡಿಸಿದಾಗ ವಸ್ತುವಿನ ಸ್ವರೂಪ ತಿಳಿಯುತ್ತದೆ.

ನೆನಪು ತಪ್ಪಬಹುದು ಎಂಬ ಆಕ್ಷೇಪ ಸಹಜ. ವರ್ಷ ಹಿಂದುಮುಂದಾಗುತ್ತದೆ, ಕೇಳಿದ್ದು ಕಂಡಂತೆ ತೋರುತ್ತದೆ. ಆದರೆ ಕಡತವೂ ಸುಳ್ಳಾಡಬಲ್ಲದು. ‘ಪಾಳುಭೂಮಿ’ ಎಂಬ ಶಬ್ದ ಅದಕ್ಕೆ ಸಾಕ್ಷಿ. ಆದ್ದರಿಂದ ರೋಜುಕೀರ್ದಿಯನ್ನು ಖಾತೆಯೊಡನೆ ತಾಳೆ ನೋಡುವಂತೆ ನೆನಪನ್ನು ಕಡತದೊಡನೆ, ಕಡತವನ್ನು ನೆನಪಿನೊಡನೆ ತಾಳೆ ನೋಡಬೇಕು. ಎರಡೂ ಹೊಂದಿದ ಕಡೆ ನಂಬಿಕೆ ಬಲವಾಗುತ್ತದೆ. ಹೊಂದದ ಕಡೆ ಹೊಸ ಪ್ರಶ್ನೆ ಹುಟ್ಟುತ್ತದೆ.

ಸಮಾಜದ ಕರ್ತವ್ಯ

ಗ್ರಂಥರಕ್ಷಣೆಯಲ್ಲಿ ಜೈನ ಸಮಾಜಕ್ಕೆ ಸಾವಿರ ವರ್ಷಗಳ ಅನುಭವವಿದೆ. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಮೂಡಬಿದಿರೆಯಲ್ಲಿ ಧವಲಾ ಗ್ರಂಥಗಳು ಶತಮಾನಗಳ ಕಾಲ ಉಳಿದವು. ಪ್ರತಿವರ್ಷ ಶ್ರುತಪಂಚಮಿಯಂದು ಶಾಸ್ತ್ರಗಳನ್ನು ಬಿಸಿಲಿಗಿಟ್ಟು ಧೂಳು ಕೊಡವಿ ಪೂಜಿಸುವ ಸಂಪ್ರದಾಯದ ಹಿಂದೆ ದಾಖಲೆ ಕಾಯುವ ಶಿಸ್ತಿದೆ. ಆ ಶಿಸ್ತನ್ನು ನೆಲ-ಜಲದ ದಾಖಲೆಗಳಿಗೂ ವಿಸ್ತರಿಸಲು ಬಸದಿಗಳ ಆಡಳಿತ ಮಂಡಳಿಗಳು ಮುಂದಾಗಬೇಕು.

ಇದಕ್ಕೆ ದೊಡ್ಡ ಬಂಡವಾಳ ಬೇಕಿಲ್ಲ. ಮೊದಲನೆಯದಾಗಿ, ಬಸದಿಗೆ ಸೇರಿದ ಕೆರೆ, ಬಾವಿ, ತೋಪು, ಜಮೀನುಗಳ ಹಳೆಯ ಪತ್ರಗಳನ್ನು ಪಟ್ಟಿಮಾಡಿ ಪ್ರತಿ ತೆಗೆದಿಡಬೇಕು. ಎರಡನೆಯದಾಗಿ, ಎಪ್ಪತ್ತು ದಾಟಿದ ಹಿರಿಯರನ್ನು ಭೇಟಿಮಾಡಿ ಊರಿನ ನೀರು, ಮರ, ಬೆಳೆ, ಪ್ರಾಣಿಗಳ ಬಗ್ಗೆ ಅವರ ನೆನಪನ್ನು ಧ್ವನಿಮುದ್ರಿಸಬೇಕು. ಹೇಳಿದವರ ಒಪ್ಪಿಗೆ, ದಿನಾಂಕ, ಸ್ಥಳಗಳನ್ನು ಜೊತೆಗೇ ಬರೆದಿಡಬೇಕು. ತಾಯಂದಿರನ್ನು ಕೇಳುವುದನ್ನು ಮರೆಯಬಾರದು. ಬಾವಿಯ ನೀರು ಯಾವ ವರ್ಷ ಕೆಳಗಿಳಿಯಿತೆಂಬುದು ಸೇದಿದವರಿಗೆ ಗೊತ್ತು. ಮೂರನೆಯದಾಗಿ, ಪ್ರತಿಯೊಂದರ ಎರಡು ಪ್ರತಿಗಳನ್ನು ಎರಡು ಬೇರೆ ಸ್ಥಳಗಳಲ್ಲಿಡಬೇಕು.

ಕಾನೂನಿನ ಬೆಂಬಲವೂ ಇದೆ. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯೂ ಜನರ ಅರಿವನ್ನು ಕೇಳಿ ಜೀವವೈವಿಧ್ಯದ ದಾಖಲಾತಿ ಸಿದ್ಧಪಡಿಸಬೇಕು. ಅಂದರೆ ಹಿರಿಯರ ಬಾಯಿಮಾತಿಗೆ ಸರ್ಕಾರವೇ ಪುಸ್ತಕ ತೆರೆದಿದೆ. 2005ರ ಮಾಹಿತಿ ಹಕ್ಕು ಕಾಯಿದೆಯಿಂದ ಕಚೇರಿಯ ಕಡತಗಳ ಪ್ರತಿ ಪಡೆಯಬಹುದು. ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಸಂಸ್ಥಾನ ಕಾಲದ ಕಡತಗಳಿವೆ. ಸಾಗರದ ಬಳಿಯ ಕೆಳದಿಯಲ್ಲಿ ಗುಂಡಾ ಜೋಯಿಸರು ಬೆಳೆಸಿದ ವಸ್ತುಸಂಗ್ರಹಾಲಯವು, ಒಂದು ಗ್ರಾಮದಲ್ಲಿ ಒಬ್ಬ ವ್ಯಕ್ತಿಯ ನಿಷ್ಠೆ ಎಷ್ಟು ಓಲೆಗಳನ್ನು, ಎಷ್ಟು ಪತ್ರಗಳನ್ನು ಉಳಿಸಬಲ್ಲದೆಂಬುದಕ್ಕೆ ಜಿಲ್ಲೆಯೊಳಗೇ ಇರುವ ಮಾದರಿ.

ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪ್ರಯೋಜನವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಗಿಡ ಕೀಳುವುದನ್ನು ಪ್ರಮಾದಚರ್ಯೆ ಎಂದು ಕರೆದು ಅನರ್ಥದಂಡದಲ್ಲಿ ಸೇರಿಸಿದ್ದಾರೆ. ಪ್ರಮಾದ ಎಂದರೆ ಎಚ್ಚರವಿಲ್ಲದಿರುವುದು. ಇದ್ದಿಲಿನ ಕುಲುಮೆಯಿಂದ ಅಕೇಶಿಯಾದ ಗುತ್ತಿಗೆಯವರೆಗೆ ನಡೆದ ಹಾನಿಯಲ್ಲಿ ದುರುದ್ದೇಶಕ್ಕಿಂತ ಎಚ್ಚರದ ಅಭಾವವೇ ಹೆಚ್ಚು. ಎಚ್ಚರವಿರಬೇಕಾದರೆ ಹಿಂದೆ ಏನಾಯಿತೆಂಬುದು ತಿಳಿದಿರಬೇಕು. ಚಟ್ಟಲದೇವಿಯ ಕಾಲದಲ್ಲಿ ಆ ಕೆಲಸವನ್ನು ಕಲ್ಲು ಮಾಡಿತು. ಈಗ ಅದನ್ನು ಪ್ರತಿಯೊಂದು ಊರಿನ ಶ್ರಾವಕ-ಶ್ರಾವಿಕೆಯರು ಮಾಡಬೇಕಾಗಿದೆ. ಬರುವ ಶ್ರುತಪಂಚಮಿಗೆ ಶಾಸ್ತ್ರದ ಪೆಟ್ಟಿಗೆ ತೆರೆಯುವ ಬಸದಿಗಳು ಊರಿನ ಕೆರೆಯ ಪತ್ರವನ್ನೂ ಹೊರತೆಗೆದು ಓದಿದರೆ ಕಾರ್ಯ ಆರಂಭವಾದಂತೆಯೇ ಸರಿ.